ಪ್ರಬಂಧಕ್ಕೆ ಯಂತ್ರದ ಅಂಕ: ಅಳೆಯುವುದು ಚಿಂತನೆಯನ್ನೋ, ಉದ್ದವನ್ನೋ?

ಉನ್ನತ ವ್ಯಾಸಂಗಕ್ಕೆಂದು ಅಮೆರಿಕದತ್ತ ಮುಖ ಮಾಡುವ ರಾಜ್ಯದ ಎಂಜಿನಿಯರಿಂಗ್ ಪದವೀಧರರಿಗೆ ಜಿಆರ್‌ಇ ಪರೀಕ್ಷೆ ಹೊಸದೇನಲ್ಲ. ಅದರ ಗಣಿತ ವಿಭಾಗದಲ್ಲಿ ಉತ್ತರ ಸರಿ ಅಥವಾ ತಪ್ಪು, ತಕರಾರಿಗೆ ಆಸ್ಪದವಿಲ್ಲ. ವಿಶ್ಲೇಷಣಾತ್ಮಕ ಬರವಣಿಗೆಯ ಮಾತು ಬೇರೆ. ಮೂವತ್ತು ನಿಮಿಷಗಳಲ್ಲಿ ಬರೆದ ಪ್ರಬಂಧಕ್ಕೆ ಐದರ ಬದಲು ನಾಲ್ಕು ಅಂಕ ಏಕೆ ಬಂತೆಂಬ ಪ್ರಶ್ನೆ ಅನೇಕರನ್ನು ಕಾಡುತ್ತದೆ.

ಪರೀಕ್ಷೆ ನಡೆಸುವ ಇಟಿಎಸ್ ಸಂಸ್ಥೆಯ ಪದ್ಧತಿ ಹೀಗಿದೆ: ತರಬೇತಿ ಪಡೆದ ಮೌಲ್ಯಮಾಪಕರೊಬ್ಬರು ಪ್ರಬಂಧವನ್ನು ಸಮಗ್ರವಾಗಿ ಓದಿ ಆರಂಕದ ಅಳತೆಗೋಲಿನಲ್ಲಿ ಅಂಕ ನೀಡುತ್ತಾರೆ. ಅದೇ ಪ್ರಬಂಧವನ್ನು 'ಇ-ರೇಟರ್' ಎಂಬ ತಂತ್ರಾಂಶವೂ ಪರಿಶೀಲಿಸುತ್ತದೆ. ಎರಡೂ ಬಹುತೇಕ ಹೊಂದಿಕೆಯಾದರೆ ಅಂಕ ಅಲ್ಲಿಗೇ ಇತ್ಯರ್ಥ. ಅಂತರ ಹೆಚ್ಚಿದ್ದರೆ ಮತ್ತೊಬ್ಬ ಮೌಲ್ಯಮಾಪಕರು ಓದುತ್ತಾರೆ. ಆಗ ಇಬ್ಬರು ಮನುಷ್ಯರು ಕೊಟ್ಟ ಅಂಕಗಳ ಸರಾಸರಿಯೇ ಅಂತಿಮ.

ಈ ಏರ್ಪಾಟಿನ ಹಿಂದೆ ತರ್ಕವಿಲ್ಲದಿಲ್ಲ. ಸಾವಿರಾರು ಪ್ರಬಂಧಗಳನ್ನು ಓದುವ ಮನುಷ್ಯ ದಣಿಯುತ್ತಾನೆ. ಬೆಳಿಗ್ಗೆ ಉದಾರಿಯಾದವನು ಸಂಜೆ ಜಿಪುಣನಾಗಬಹುದು. ಯಂತ್ರಕ್ಕೆ ಆ ದೌರ್ಬಲ್ಯವಿಲ್ಲ. ವೆಚ್ಚವೂ ಕಡಿಮೆ. 1999ರಲ್ಲಿಯೇ ಜಿಮ್ಯಾಟ್ ಪರೀಕ್ಷೆಯ ಪ್ರಬಂಧಗಳಿಗೆ ಇ-ರೇಟರ್ ಬಳಕೆಗೆ ಬಂದುದಕ್ಕೆ ಇವೇ ಕಾರಣಗಳು.

ಆದರೆ ಯಂತ್ರ ಅಳೆಯುವುದಾದರೂ ಏನನ್ನು? ವ್ಯಾಕರಣ, ಪದಬಳಕೆ, ಶಬ್ದಸಂಪತ್ತು, ವಿಷಯದ ವಿಭಜನೆ, ವಿಸ್ತಾರ ಇವುಗಳ ಗುರುತುಗಳನ್ನು ಅದು ಎಣಿಸಬಲ್ಲದು. ವಾದ ಸತ್ಯವೇ, ಸಾಕ್ಷ್ಯ ಸಮಂಜಸವೇ ಎಂಬುದನ್ನು ಅರಿಯುವ ಶಕ್ತಿ ಈ ಎಣಿಕೆಗೆ ಇಲ್ಲ. ಎಂಐಟಿಯಲ್ಲಿ ಬರವಣಿಗೆ ಕಲಿಸುತ್ತಿದ್ದ ಲೆಸ್ ಪೆರೆಲ್ಮನ್ ಈ ಲೋಪವನ್ನು 2014ರಲ್ಲಿ ಬಯಲಿಗೆಳೆದರು. ಅವರು ವಿದ್ಯಾರ್ಥಿಗಳೊಂದಿಗೆ ಸಿದ್ಧಪಡಿಸಿದ 'ಬೇಬಲ್' ತಂತ್ರಾಂಶ ಕೆಲವೇ ಪದಗಳನ್ನು ಕೊಟ್ಟರೆ ಅರ್ಥಹೀನ ಪ್ರಬಂಧವನ್ನು ಹೊಸೆಯುತ್ತಿತ್ತು. ಸ್ವಯಂಚಾಲಿತ ಮೌಲ್ಯಮಾಪನ ವ್ಯವಸ್ಥೆಗಳು ಅಂಥ ಬರಹಕ್ಕೂ ಉತ್ತಮ ಅಂಕ ದಯಪಾಲಿಸಿದವು. ನಿಜವಾದ ಜಿಆರ್‌ಇಯಲ್ಲಿ ಮನುಷ್ಯನೂ ಓದುತ್ತಾನೆ ಎಂಬ ಸಮಜಾಯಿಷಿ ಇದೆ. ಆದರೆ ಮನುಷ್ಯ ಓದಿದ ಮಾತ್ರಕ್ಕೆ ಸಮಸ್ಯೆ ನೀಗುವುದಿಲ್ಲ: 2005ರಲ್ಲಿ ಮನುಷ್ಯರೇ ಅಂಕ ನೀಡುತ್ತಿದ್ದ ಸ್ಯಾಟ್ ಪ್ರಬಂಧಗಳ ಮಾದರಿಗಳನ್ನು ಪರಿಶೀಲಿಸಿದ್ದ ಪೆರೆಲ್ಮನ್, ಉದ್ದ ಹೆಚ್ಚಿದಂತೆ ಅಂಕವೂ ಹೆಚ್ಚಿದ್ದನ್ನು ಕಂಡಿದ್ದರು.

ನ್ಯಾಯದ ಪ್ರಶ್ನೆಯೂ ಇದೆ. ಚೀನಾದ ಅಭ್ಯರ್ಥಿಗಳಿಗೆ ಮನುಷ್ಯರಿಗಿಂತ ಯಂತ್ರ ಸರಾಸರಿ ಹೆಚ್ಚು ಅಂಕ ಕೊಡುತ್ತದೆ ಎಂಬುದನ್ನು 2012ರಲ್ಲಿ ಪ್ರಕಟಿಸಿದವರು ಇಟಿಎಸ್‌ನ ಸಂಶೋಧಕರೇ. ಬಾಯಿಪಾಠ ಮಾಡಿದ ಸಿದ್ಧ ವಾಕ್ಯಗಳು ಎಣಿಕೆಯ ಯಂತ್ರವನ್ನು ಮೆಚ್ಚಿಸಬಲ್ಲವು ಎಂಬ ಸಂಶಯಕ್ಕೆ ಇಂಥ ಅಂತರ ಎಡೆಮಾಡಿಕೊಡುತ್ತದೆ. ಸ್ವಂತವಾಗಿ ಯೋಚಿಸಿ ಚಿಕ್ಕದಾಗಿ ಬರೆಯುವವನಿಗೆ ಇದರಿಂದ ನಷ್ಟವಾಗದೆ ಇದ್ದೀತೇ?

ಪ್ರಬಂಧಕ್ಕೆ ಈ ಪರೀಕ್ಷೆಗಳಲ್ಲಿದ್ದ ಸ್ಥಾನ ಈಚೆಗೆ ಕುಗ್ಗಿದೆ. ಸ್ಯಾಟ್ 2021ರಲ್ಲಿ ಐಚ್ಛಿಕ ಪ್ರಬಂಧವನ್ನು ಕೈಬಿಟ್ಟಿತು. 2023ರ ನವೆಂಬರ್‌ನಲ್ಲಿ ಬಂದ ಹೊಸ ಜಿಮ್ಯಾಟ್‌ನಲ್ಲಿ ಪ್ರಬಂಧವೇ ಇಲ್ಲ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಜಿಆರ್‌ಇ ತನ್ನ ಎರಡು ಪ್ರಬಂಧಗಳಲ್ಲಿ ಒಂದನ್ನು ತೆಗೆದುಹಾಕಿತು. ವಿಪರ್ಯಾಸವೆಂದರೆ, ತೆಗೆದದ್ದು ಪರರ ವಾದದಲ್ಲಿನ ದೋಷಗಳನ್ನು ಹುಡುಕಬೇಕಾದ ಪ್ರಬಂಧವನ್ನು. ಉಳಿದದ್ದು ಒಂದು ಹೇಳಿಕೆಯ ಬಗ್ಗೆ ತನ್ನ ನಿಲುವನ್ನು ಸಮರ್ಥಿಸುವ ಪ್ರಬಂಧ. 'ವಿಶ್ಲೇಷಣೆ' ಎಂಬ ಹೆಸರಿಗೆ ಹೆಚ್ಚು ಹತ್ತಿರವಿದ್ದುದೇ ಹೊರಬಿದ್ದಂತಾಯಿತು.

ಮನುಷ್ಯ ಮತ್ತು ಯಂತ್ರ ಕೊಟ್ಟ ಅಂಕ ಒಂದೇ ಆದಾಗ ಅದನ್ನು ನಿಖರತೆ ಎನ್ನಲಾಗುತ್ತದೆ. ಇಬ್ಬರೂ ಒಂದೇ ಬಗೆಯ ಮೇಲ್ಪದರವನ್ನು ನೋಡಿ ಒಪ್ಪಿರಬಹುದೆಂಬ ಸಾಧ್ಯತೆಯನ್ನು ಆ ಹೊಂದಿಕೆ ಅಳಿಸುವುದಿಲ್ಲ. ಪ್ರವೇಶ ನೀಡುವ ವಿಶ್ವವಿದ್ಯಾಲಯಗಳಿಗೆ ಅಂಕದೊಡನೆ ಅಭ್ಯರ್ಥಿಯ ಪ್ರಬಂಧವೂ ಲಭ್ಯವಿದೆ. ಅಂಕವನ್ನಷ್ಟೇ ನೋಡಿ ತೀರ್ಮಾನಿಸುವ ಬದಲು ಅದನ್ನು ತೆರೆದು ಓದುವ ವ್ಯವಧಾನ ತೋರಿದರೆ, ವಿದ್ಯಾರ್ಥಿಯ ಚಿಂತನೆಗೆ ಓದುಗನೊಬ್ಬನಾದರೂ ಸಿಕ್ಕಂತಾದೀತು.