ಮಣ್ಣಿನ ಕಣದಿಂದ ಮ್ಯಾಟಿಗೆ

ಬೆಳಗಾವಿ, ಖಾನಾಪುರಗಳ ಸೀಮೆಯಲ್ಲಿ ಮಣ್ಣಿನ ಕುಸ್ತಿಗೆ ಇಂದಿಗೂ ಜನಾದರವಿದೆ. ಲೋಂಡಾದಂತಹ ಊರಿನ ತರುಣನೊಬ್ಬನು ಈ ಕಣದಿಂದ ಒಲಿಂಪಿಕ್ಸಿನ ಮ್ಯಾಟಿಗೇರಿ ಗೆಲ್ಲಬಲ್ಲನೇ? ಗೆಲ್ಲಬಲ್ಲನು; ಆದರೆ ತೋಳ್ಬಲವೊಂದೇ ಸಾಲದು.

ಮಣ್ಣಿನಲ್ಲಿ ಎದುರಾಳಿಯನ್ನು ಚಿತ್ತು ಮಾಡಿದವನೇ ಜಯಶಾಲಿ. ಮ್ಯಾಟಿನ ಮೇಲಾದರೋ ಆರೇ ನಿಮಿಷಗಳ ಅವಧಿ. ಹಾಕಿದ ಪಟ್ಟುಗಳಿಗೆ ಅಂಕಗಳ ಲೆಕ್ಕ.

ನೆರೆಯ ಮಹಾರಾಷ್ಟ್ರದ ಖಾಶಾಬಾ ಜಾಧವರು ಮಣ್ಣಿನಲ್ಲಿಯೇ ಪಳಗಿದವರು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ, ಮ್ಯಾಟಿಗೆ ಹೊಸಬರಾಗಿದ್ದ ಅವರಿಗೆ ದೊರೆತುದು ಆರನೆಯ ಸ್ಥಾನ. ಎದೆಗುಂದದೆ ಅಭ್ಯಾಸ ಮಾಡಿ, 1952ರಲ್ಲಿ ಹೆಲ್ಸಿಂಕಿಯಲ್ಲಿ ಕಂಚಿನ ಪದಕ ಗಳಿಸಿದರು. ಸ್ವತಂತ್ರ ಭಾರತಕ್ಕೆ ಸಂದ ಮೊದಲ ವೈಯಕ್ತಿಕ ಒಲಿಂಪಿಕ್ ಪದಕವದು.

ಹಳ್ಳಿಯ ಹುಡುಗರಲ್ಲಿ ಶಕ್ತಿಯ ಕೊರತೆಯಿಲ್ಲ. ಅವರಿಗೆ ಬೇಕಾದುದು ಎಳವೆಯಲ್ಲಿಯೇ ಮ್ಯಾಟು, ನಿಯಮವನ್ನರಿತ ಗುರು. ಜಾತ್ರೆಯ ಬಹುಮಾನಕ್ಕೆ ಕೂಡಿಸುವ ಹಣದಲ್ಲಿ ಒಂದು ಪಾಲನ್ನು ಊರಿನವರು ಇದಕ್ಕೆ ಮೀಸಲಿಡುವುದು ಲೇಸು.