ಪುಕ್ಕಟೆ ಆ್ಯಪ್ ಎಲ್ಲವೂ ಕಳಪೆಯೇ? ದುಡ್ಡು ಕೊಟ್ಟದ್ದೆಲ್ಲ ಭದ್ರವೇ?

ಗೋಕರ್ಣದ ಓಂ ಬೀಚಿಗೆ ಹೋದವರು ಮೇಲಿನ ಗುಡ್ಡದಿಂದ ಒಂದು ವಿಡಿಯೊ ತೆಗೆಯದೆ ಬರುವುದು ಕಡಿಮೆ. ‘ಓಂ’ ಆಕಾರದ ದಂಡೆ ಚೆನ್ನಾಗಿ ಕಾಣುವುದು ಅಲ್ಲಿಂದಲೇ. ಆ ವಿಡಿಯೊಗೆ ಹಾಡು ಸೇರಿಸಿ ಸ್ಟೇಟಸ್‌ಗೆ ಹಾಕೋಣವೆಂದರೆ ಎಡಿಟಿಂಗ್ ಆ್ಯಪ್‌ನ ಹೆಸರು ಮೂಲೆಯಲ್ಲಿ ಬಂದು ಕೂರುತ್ತದೆ. ಅದು ಹೋಗಬೇಕಾದರೆ ದುಡ್ಡು ಕೊಡಬೇಕು. ಇಂಥ ಹೊತ್ತಿಗೆ ಸರಿಯಾಗಿ ಗ್ರೂಪ್‌ನಲ್ಲಿ ಒಂದು ಫಾರ್ವರ್ಡ್ ಬರುತ್ತದೆ: “ಪ್ರೀಮಿಯಂ ಆ್ಯಪ್ ಪೂರ್ತಿ ಫ್ರೀ, ಈ ಫೈಲ್ ಇನ್‌ಸ್ಟಾಲ್ ಮಾಡಿ.”

ಇದನ್ನು ಒತ್ತುವ ಮುನ್ನ ಒಂದು ವಿಷಯ ತಿಳಿದುಕೊಳ್ಳೋಣ. ಸಾಫ್ಟ್‌ವೇರ್‌ನ ಬೆಲೆಗೂ ಅದರ ಗುಣಮಟ್ಟಕ್ಕೂ ಏನು ಸಂಬಂಧ?

ಮೊದಲು ಬಳಸಿ, ಆಮೇಲೆ ಕೊಡಿ

“ಬಳಸಿ ನೋಡಿ, ಇಷ್ಟವಾದರೆ ದುಡ್ಡು ಕೊಡಿ” ಎಂಬ ಪದ್ಧತಿಗೆ ಶೇರ್‌ವೇರ್ ಎಂದು ಹೆಸರು. ಅಮೆರಿಕದಲ್ಲಿ 1982-83ರ ಹೊತ್ತಿಗೆ ಆಂಡ್ರ್ಯೂ ಫ್ಲೂಗೆಲ್‌ಮನ್, ಜಿಮ್ ನಾಫ್, ಬಾಬ್ ವ್ಯಾಲೇಸ್ ಎಂಬವರು ತಮ್ಮ ಪ್ರೋಗ್ರಾಂಗಳನ್ನು ಹೀಗೆ ಹಂಚಿದರು. ಕಾಪಿ ಮಾಡಿ ಗೆಳೆಯರಿಗೆ ಕೊಡಲು ಅವರೇ ಹೇಳುತ್ತಿದ್ದರು. ಅಂಗಡಿ, ಜಾಹೀರಾತು, ಪೆಟ್ಟಿಗೆಯ ಖರ್ಚು ಇರಲಿಲ್ಲ. ಇವತ್ತಿನ “7 ದಿನ ಫ್ರೀ ಟ್ರಯಲ್” ಅದೇ ಮನೆತನದ್ದು.

ಕನ್ನಡದ ಅನುಭವ ಏನು ಹೇಳುತ್ತದೆ?

ಕಂಪ್ಯೂಟರ್‌ನಲ್ಲಿ ಕನ್ನಡ ಟೈಪ್ ಮಾಡಿದವರಿಗೆ ಈ ಮೂರು ಹೆಸರು ಗೊತ್ತಿರುತ್ತವೆ. ಶ್ರೀಲಿಪಿ ದುಡ್ಡು ಕೊಟ್ಟು ಕೊಳ್ಳುವ ಸಾಫ್ಟ್‌ವೇರ್. ಪ್ರೆಸ್, ಡಿಟಿಪಿ ಕೇಂದ್ರಗಳಲ್ಲಿ ಬಳಕೆ. ಕನ್ನಡ ಗಣಕ ಪರಿಷತ್ತಿನ ನುಡಿ ಪುಕ್ಕಟೆ. ಶೇಷಾದ್ರಿವಾಸು ಅವರ ಬರಹ 1998ರಲ್ಲಿ ಪುಕ್ಕಟೆಯಾಗಿ ಬಂದು ಮನೆಮನೆ ಸೇರಿತು. ಮುಂದೆ ಅದರ ಹೊಸ ಆವೃತ್ತಿಗಳಿಗೆ ಲೈಸೆನ್ಸ್ ಕೊಳ್ಳಬೇಕಾಯಿತು.

ಪುಕ್ಕಟೆ ಎಂಬ ಕಾರಣಕ್ಕೆ ನುಡಿ, ಬರಹ ಕೆಲಸಕ್ಕೆ ಬಾರದೆ ಹೋಗಲಿಲ್ಲ. ಎಷ್ಟೋ ಅರ್ಜಿ, ಪ್ರಬಂಧ, ಪುಸ್ತಕ ಅವುಗಳಲ್ಲೇ ತಯಾರಾದವು. ನಿಜವಾದ ತೊಡಕು ಬೇರೆ ಕಡೆ ಇತ್ತು. ಶ್ರೀಲಿಪಿಯಲ್ಲಿ ಟೈಪ್ ಮಾಡಿದ್ದನ್ನು ನುಡಿ ಫಾಂಟ್‌ನಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತಿದ್ದವು, ಏಕೆಂದರೆ ಅಕ್ಷರಗಳಿಗೆ ಒಂದೊಂದು ಕಡೆ ಒಂದೊಂದು ಸಂಕೇತ. ದುಡ್ಡು ಕೊಟ್ಟವರಿಗೂ ಈ ಕಷ್ಟ ತಪ್ಪಲಿಲ್ಲ. ಬಿಡಿಸಿದ್ದು ಯಾರು ಬೇಕಾದರೂ ಬಳಸಬಹುದಾದ ಯೂನಿಕೋಡ್. ಇವತ್ತು ನಿಮ್ಮ ಕನ್ನಡ ಮೆಸೇಜ್ ಎಲ್ಲ ಫೋನಿನಲ್ಲೂ ಸರಿಯಾಗಿ ಕಾಣುವುದು ಅದರಿಂದ.

ತಪ್ಪು ಎರಡೂ ಕಡೆ

ಫೈಲ್ ಕುಗ್ಗಿಸುವ ವಿನ್‌ರಾರ್ ಪ್ರಸಿದ್ಧ ಶೇರ್‌ವೇರ್. 40 ದಿನಗಳ ಅವಧಿ ಮುಗಿದರೂ ದುಡ್ಡು ಕೊಡಿ ಎಂದು ನೆನಪಿಸುತ್ತ ಕೆಲಸ ಮಾಡುತ್ತಲೇ ಇರುತ್ತದೆ. ಅದರೊಳಗೆ ಸುಮಾರು 19 ವರ್ಷಗಳಿಂದ ಅಡಗಿದ್ದ ಅಪಾಯಕಾರಿ ದೋಷವೊಂದು 2019ರಲ್ಲಿ ಬಯಲಾಯಿತು. ಕೂಡಲೇ ಸರಿಪಡಿಸಿದರು. ಆದರೆ ಅದು ತಾನಾಗಿ ಅಪ್‌ಡೇಟ್ ಆಗುವುದಿಲ್ಲ. ಹಳೆಯದನ್ನೇ ಇಟ್ಟುಕೊಂಡವರಿಗೆ ಅಪಾಯ ಉಳಿಯಿತು.

ಇನ್ನೊಂದು ಕಡೆ ನೋಡಿ. ಕ್ರೌಡ್‌ಸ್ಟ್ರೈಕ್ ಕಂಪನಿಗಳು ದುಬಾರಿ ಬೆಲೆ ತೆತ್ತು ಹಾಕಿಸಿಕೊಳ್ಳುವ ಭದ್ರತಾ ಸಾಫ್ಟ್‌ವೇರ್. 2024ರ ಜುಲೈ 19ರಂದು ಅದರ ಒಂದು ತಪ್ಪು ಅಪ್‌ಡೇಟ್‌ನಿಂದ ಜಗತ್ತಿನಲ್ಲಿ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ನಿಂತುಹೋದವು. ಭಾರತದಲ್ಲೂ ವಿಮಾನ ಪ್ರಯಾಣಿಕರಿಗೆ ಕೈಬರಹದ ಬೋರ್ಡಿಂಗ್ ಪಾಸ್ ಕೊಟ್ಟರು.

ಅಂದರೆ ಬೆಲೆ ನೋಡಿ ಗುಣ ಹೇಳಲಾಗದು. ದೋಷ ಕಂಡಾಗ ಸರಿಪಡಿಸುವವರು ಇದ್ದಾರೆಯೇ, ಆ ದುರಸ್ತಿ ನಿಮ್ಮ ಫೋನಿಗೆ ತಲುಪುತ್ತದೆಯೇ ಎಂಬುದೇ ಮುಖ್ಯ.

ಹಾಗಾದರೆ ಆ ಫಾರ್ವರ್ಡ್?

ಅದು ಶೇರ್‌ವೇರೂ ಅಲ್ಲ, ಫ್ರೀ ಸಾಫ್ಟ್‌ವೇರೂ ಅಲ್ಲ. ಯಾರೋ ಮೂಲ ಆ್ಯಪ್ ಬಿಚ್ಚಿ, ದುಡ್ಡು ಕೇಳುವ ಭಾಗ ತೆಗೆದು, ಮತ್ತೆ ಕಟ್ಟಿದ್ದು. ಪ್ರತಿ ಆಂಡ್ರಾಯ್ಡ್ ಆ್ಯಪ್‌ಗೂ ತಯಾರಕರ ಡಿಜಿಟಲ್ ಸಹಿ ಇರುತ್ತದೆ. ಬದಲಾಯಿಸಿದ ಆ್ಯಪ್‌ಗೆ ಬೇರೆಯವರ ಸಹಿ ಬೀಳುತ್ತದೆ. ಹಾಗಾಗಿ ಮೂಲ ಕಂಪನಿಯ ಅಪ್‌ಡೇಟ್ ಅದಕ್ಕೆ ಕೂರುವುದಿಲ್ಲ. ಒಳಗೆ ಇನ್ನೇನು ಸೇರಿಸಿದ್ದಾರೋ ನೋಡಿದವರಿಲ್ಲ. ಮದುವೆ ಕರೆಯೋಲೆ, ಟ್ರಾಫಿಕ್ ದಂಡದ ನೋಟಿಸ್ ಎಂದು ವಾಟ್ಸಾಪ್‌ನಲ್ಲಿ ಎಪಿಕೆ ಫೈಲ್ ಕಳಿಸಿ, ಎಸ್ಎಂಎಸ್ ಓದುವ ಅನುಮತಿ ಪಡೆದು, ಒಟಿಪಿ ಕದ್ದು ಖಾತೆ ಖಾಲಿ ಮಾಡುವ ವಂಚನೆಗಳ ದಾರಿಯೂ ಇದೇ.

ನೆನಪಿಡಬೇಕಾದದ್ದು

• ಆ್ಯಪನ್ನು ಪ್ಲೇ ಸ್ಟೋರ್ ಅಥವಾ ತಯಾರಕರ ಸ್ವಂತ ವೆಬ್‌ಸೈಟ್‌ನಿಂದ ಮಾತ್ರ ಇಳಿಸಿಕೊಳ್ಳಿ.
• ಕೊನೆಯ ಅಪ್‌ಡೇಟ್ ಯಾವಾಗ ಬಂದಿದೆ ನೋಡಿ. ವರ್ಷಗಟ್ಟಲೆ ಹಿಂದಿನದಾದರೆ ಬೇರೆಯದನ್ನು ಹುಡುಕಿ.
• ವಿಡಿಯೊ ಎಡಿಟ್ ಮಾಡುವ ಆ್ಯಪ್ ಎಸ್ಎಂಎಸ್ ಓದುವ ಅನುಮತಿ ಕೇಳಿದರೆ ಕೊಡಬೇಡಿ.
• ಟ್ರಯಲ್ ಮುಗಿಯುವ ಮುನ್ನ ಪ್ಲೇ ಸ್ಟೋರ್‌ನ ಸಬ್‌ಸ್ಕ್ರಿಪ್ಷನ್ಸ್ ವಿಭಾಗಕ್ಕೆ ಹೋಗಿ ರದ್ದು ಮಾಡಿ. ಆ್ಯಪ್ ಅಳಿಸಿದರೆ ಸಾಲದು, ದುಡ್ಡು ಕಡಿತವಾಗುತ್ತಲೇ ಇರುತ್ತದೆ.
• ಪುಕ್ಕಟೆಯೇ ಬೇಕೆಂದರೆ ವಿಎಲ್‌ಸಿಯಂಥ, ತಯಾರಕರೇ ಪುಕ್ಕಟೆ ಕೊಟ್ಟ ಒಳ್ಳೆಯ ಆ್ಯಪ್‌ಗಳಿವೆ.

ಈಗಾಗಲೇ ಮೋಸಹೋಗಿ ಹಣ ಕಳೆದುಕೊಂಡಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. “ಪ್ರೀಮಿಯಂ ಫ್ರೀ” ಎಂಬ ಫೈಲ್ ಗ್ರೂಪ್‌ಗೆ ಬಂದರೆ ಮುಂದಕ್ಕೆ ಕಳಿಸಬೇಡಿ. ನಿಮ್ಮ ಹೆಸರು ನೋಡಿ ನಂಬಿ ಒತ್ತುವವರು ನಿಮ್ಮ ಮನೆಯವರೇ ಆಗಿರಬಹುದು.