ಆಟದೊಳಗೊಬ್ಬ ವ್ಯಾಪಾರಿ

ಟೀವಿಯಲ್ಲಿ ಜಾಹೀರಾತು ಬಂದರೆ ಚಿಕ್ಕ ಮಗುವಿಗೂ ಗೊತ್ತಾಗುತ್ತದೆ. ಕಥೆ ನಿಲ್ಲುತ್ತದೆ, ಸಾಬೂನು ಬಿಸ್ಕತ್ತುಗಳು ಬಂದು ಹೋಗುತ್ತವೆ, ಕಥೆ ಮತ್ತೆ ಶುರುವಾಗುತ್ತದೆ. ಎದ್ದು ಹೋಗಿ ನೀರು ಕುಡಿದು ಬರಲು ಆ ಬಿಡುವು ಸಾಕು. ವಿಡಿಯೊ ಗೇಮ್‌ನಲ್ಲಿ ಹಾಗಲ್ಲ. ಆಟವನ್ನು ನಿಲ್ಲಿಸದೆಯೇ ಜಾಹೀರಾತು ಆಟದೊಳಗೆ ಬಂದು ಕೂರಬಲ್ಲದು.

ಇದು ನಿನ್ನೆ ಮೊನ್ನೆಯ ಉಪಾಯವೇನಲ್ಲ. 1992ರಲ್ಲಿ ಬ್ರಿಟನ್ನಿನ ಗ್ರೆಮ್ಲಿನ್ ಗ್ರಾಫಿಕ್ಸ್ ಕಂಪೆನಿ ‘ಝೂಲ್’ ಎಂಬ ಆಟ ಹೊರತಂದಿತು. ಅದರ ಮೊದಲ ಲೋಕವೇ ಮಿಠಾಯಿಗಳದ್ದು. ಅಲ್ಲಿ ಚೂಪಾ ಚಪ್ಸ್ ಲಾಲಿಪಾಪಿನ ಲಾಂಛನ. ಮರುವರ್ಷ ‘ಕೂಲ್ ಸ್ಪಾಟ್’ ಬಂತು. ಸೆವೆನ್ ಅಪ್ ಲಾಂಛನದ ಕೆಂಪು ಚುಕ್ಕೆಗೆ ಕೈಕಾಲು ಮೂಡಿಸಿ, ಕಪ್ಪು ಕನ್ನಡಕ ತೊಡಿಸಿ, ಅದನ್ನೇ ಆಟದ ನಾಯಕನನ್ನಾಗಿ ಮಾಡಿದ್ದರು. ಆಡುವ ಹುಡುಗ ಜಾಹೀರಾತನ್ನು ತಾನೇ ಓಡಿಸಿ, ಜಿಗಿಸಿ, ಗೆಲ್ಲಿಸುತ್ತಿದ್ದ!

ಆಗಿನ ಜಾಹೀರಾತು ಗೋಡೆಯ ಮೇಲೆ ಬಣ್ಣದಲ್ಲಿ ಬರೆದ ಹಾಗೆ. ಯಾರು ಆಡಿದರೂ ಅದೇ ಕಾಣುತ್ತಿತ್ತು. ಆಟದ ಯಂತ್ರಗಳಿಗೆ ಅಂತರ್ಜಾಲದ ಸಂಪರ್ಕ ಸಿಕ್ಕ ಮೇಲೆ, ಆ ಗೋಡೆಗೆ ಬೇಕೆಂದಾಗ ಹೊಸ ಚಿತ್ರ ಅಂಟಿಸುವುದು ಸಾಧ್ಯವಾಯಿತು. 2008ರ ಅಕ್ಟೋಬರ್‌ನಲ್ಲಿ ಅಮೆರಿಕದಲ್ಲಿ ‘ಬರ್ನ್‌ಔಟ್ ಪ್ಯಾರಡೈಸ್’ ಎಂಬ ಕಾರು ಓಟದ ಆಟ ಆಡುತ್ತಿದ್ದ ಕೆಲವರಿಗೆ ರಸ್ತೆ ಬದಿಯ ಫಲಕದಲ್ಲಿ ಬರಾಕ್ ಒಬಾಮ ಕಾಣಿಸಿಕೊಂಡರು. ಚುನಾವಣೆಯ ದಿನಕ್ಕೆ ಮೊದಲೇ ಮತ ಹಾಕುವ ಅವಕಾಶ ಆರಂಭವಾಗಿದೆ ಎಂಬುದು ಅದರ ಸಂದೇಶ. ಎಲೆಕ್ಟ್ರಾನಿಕ್ ಆರ್ಟ್ಸ್ ಕಂಪೆನಿಯ ಹಲವು ಆಟಗಳಲ್ಲಿ, 10 ರಾಜ್ಯಗಳ ಆಟಗಾರರಿಗಾಗಿ ಅವರ ಪ್ರಚಾರ ತಂಡ ಇಂಥ ಜಾಗವನ್ನು ಕೊಂಡಿತ್ತು. ಆಟ ಒಂದೇ, ರಸ್ತೆ ಒಂದೇ. ಫಲಕ ಮಾತ್ರ ಆಡುವವನ ಊರಿಗೆ ತಕ್ಕಂತೆ.

ಇದರಲ್ಲಿ ತಪ್ಪೇನು ಎಂದು ನೀವು ಕೇಳಬಹುದು. ಕ್ರಿಕೆಟ್ ಮೈದಾನದ ಸುತ್ತ ಫಲಕಗಳಿಲ್ಲವೇ? ಫಲಕಗಳೇ ಇಲ್ಲದ ರೇಸಿನ ರಸ್ತೆ ಬೋಳಾಗಿ ಕಾಣುವುದೂ ನಿಜ. ಪುಕ್ಕಟೆ ಸಿಗುವ ಆಟಕ್ಕೂ ಯಾರಾದರೂ ಹಣ ತೆರಲೇಬೇಕಷ್ಟೆ. ಆದರೆ ಎಂಟು ವರ್ಷದ ಮಗುವಿಗೆ ಅಲಂಕಾರ ಯಾವುದು, ವ್ಯಾಪಾರ ಯಾವುದು ಎಂದು ತಿಳಿಯುವುದು ಕಷ್ಟ. ‘ಇವರು ನನಗೆ ಏನನ್ನೋ ಮಾರುತ್ತಿದ್ದಾರೆ’ ಎಂಬ ಎಚ್ಚರವೇ ಮೂಡದಿದ್ದರೆ, ‘ಬೇಡ’ ಎನ್ನುವ ಶಕ್ತಿ ಎಲ್ಲಿಂದ ಬರಬೇಕು?

ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ, 18 ವರ್ಷ ತುಂಬದವರ ಬೆನ್ನು ಹತ್ತಿ ಅವರನ್ನು ಗುರಿಯಾಗಿಸಿ ಜಾಹೀರಾತು ತೋರಿಸಕೂಡದು ಎನ್ನುತ್ತದೆ. ಒಳ್ಳೆಯ ಮಾತು. ಆದರೆ ಎಲ್ಲರಿಗೂ ಒಂದೇ ತೆರನಾಗಿ ಕಾಣುವಂತೆ ಆಟದಲ್ಲೇ ಬರೆದಿಟ್ಟ ಲಾಲಿಪಾಪನ್ನು ಆ ಮಾತು ತಡೆಯುವುದಿಲ್ಲ.

ಅದನ್ನು ಗುರುತಿಸುವ ಪಾಠ ಮನೆಯಲ್ಲೇ ಆಗಬೇಕು. ಪಾಲಕರೇ, ಆಟವನ್ನು ಕಸಿದುಕೊಳ್ಳುವ ಬದಲು ಅರ್ಧ ಗಂಟೆ ಮಕ್ಕಳ ಪಕ್ಕದಲ್ಲಿ ಕೂತು ನೋಡಿ. ವಿದ್ಯಾರ್ಥಿಗಳೇ, ಒಂದು ಆಟ ಮುಗಿಯುವಷ್ಟರಲ್ಲಿ ನಿಜವಾದ ಕಂಪೆನಿಗಳ ಹೆಸರು ಎಷ್ಟು ಸಲ ಕಂಡಿತೆಂದು ಕಾಗದದ ಮೇಲೆ ಗೀಟು ಹಾಕಿ ಎಣಿಸಿ. ಪ್ರತಿ ಹೆಸರಿನ ಮುಂದೆ, ಅದಿಲ್ಲದಿದ್ದರೆ ಆಟಕ್ಕೆ ಏನು ಕಡಿಮೆಯಾಗುತ್ತಿತ್ತು ಎಂದು ಬರೆಯಿರಿ. ‘ಏನೂ ಇಲ್ಲ’ ಎಂಬ ಉತ್ತರ ಬಂದರೆ, ಆ ಜಾಗ ಬಾಡಿಗೆಗೆ ಹೋಗಿರಬಹುದು.